ನಾನು ಪಾಠ ಕೇಳಿದ್ದು

ದೇವರು ಕಣ್ಣಿಗೆ ರೆಪ್ಪೆ ಕೊಟ್ಟು ಕಿವಿಗೆ ಏಕೆ ಕೊಡಲಿಲ್ಲ ಎಂಬುದು ನನ್ನ ಬಹುದಿನಗಳ ತಕರಾರು. ಬೇಡವಾದವರು ಎದುರಿಗೆ ಬಂದರೆ ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡಬಹುದು. ಬೇಡವಾದದ್ದು ಕೇಳಿಸಿದರೆ ಏನು ಮಾಡುವುದು? ಮುಳಬಾಗಿಲಿನಿಂದ ನರಸಾಪುರದ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಓಡಾಡುವ, ಲೆಕ್ಕಪತ್ರ ವಿಭಾಗದ ನನ್ನಂಥವನಿಗೆ ಈ ಪ್ರಶ್ನೆ ಹೋಗುವಾಗಲೂ ಬರುತ್ತದೆ, ಬರುವಾಗಲೂ ಬರುತ್ತದೆ. ಮುಂದಿನ ಸೀಟಿನವರು ಮೊಬೈಲಿನಲ್ಲಿ ಟೊಮೆಟೊ ಮಂಡಿಯ ಧಾರಣೆ ಕೇಳುತ್ತಿರುತ್ತಾರೆ. ಹಿಂದಿನವರು ದೆವ್ವದ ವಿಡಿಯೊ ನೋಡುತ್ತಿರುತ್ತಾರೆ. ಪಕ್ಕದವರು ಫೋನಿನಲ್ಲಿ ತಮ್ಮ ಷಡ್ಡಕನ ಜೊತೆ ಜಗಳವಾಡುತ್ತಿರುತ್ತಾರೆ. ಕೋಲಾರ ದಾಟುವ ಹೊತ್ತಿಗೆ ನನ್ನ ತಲೆಯೊಳಗೆ ದೆವ್ವವೊಂದು ಷಡ್ಡಕನಿಗೆ ಟೊಮೆಟೊ ಮಾರುತ್ತಿರುತ್ತದೆ.

ಈ ಸಂಕಟದಿಂದ ನನ್ನನ್ನು ಪಾರು ಮಾಡಿದ್ದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಎಂಪಿತ್ರೀ ಪ್ಲೇಯರ್. "ಈಗ ಇದನ್ನ ಯಾರೂ ತಗೊಳಲ್ಲ ಸಾರ್, ಫೋನಲ್ಲೇ ಎಲ್ಲಾ ಇದೆಯಲ್ಲ" ಎಂದು ಅಂಗಡಿಯವನು ತನ್ನ ವ್ಯಾಪಾರಕ್ಕೆ ತಾನೇ ಕಲ್ಲು ಹಾಕಿಕೊಳ್ಳಲು ನೋಡಿದ. ಫೋನಿನಲ್ಲಿ ಎಲ್ಲಾ ಇದೆ ಎಂಬುದೇ ನನ್ನ ದೂರು. ಹಾಡು ಪಲ್ಲವಿ ಮುಗಿಸಿ ಚರಣಕ್ಕೆ ಬರುವಷ್ಟರಲ್ಲಿ ಮಧ್ಯೆ ನಮ್ಮ ಮ್ಯಾನೇಜರ್ ಬಂದುಬಿಡುತ್ತಾರೆ. ಈ ಪುಟ್ಟ ಯಂತ್ರಕ್ಕೆ ಯಾರೂ ಫೋನ್ ಮಾಡಲಾರರು. ಇದು ಗುಲಾಬಿ ಹೂವಿನ ಚಿತ್ರ ಕಳಿಸಿ ಶುಭೋದಯ ಹೇಳುವುದಿಲ್ಲ. ಬೆನ್ನಿಗೊಂದು ಕ್ಲಿಪ್ಪಿದೆ, ಜೇಬಿನ ಅಂಚಿಗೆ ಸಿಕ್ಕಿಸಿದರೆ ಇದೆಯೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ. ಹಾಗೆ ತಿಳಿಯದೆ ಒಮ್ಮೆ ಅಂಗಿಯ ಜೊತೆ ಬಕೆಟ್ಟಿನಲ್ಲಿ ನೆನೆಸಿಟ್ಟು, ಆಮೇಲೆ ಅಕ್ಕಿಡಬ್ಬದಲ್ಲಿ ಹೂತು ಬದುಕಿಸಿಕೊಂಡಿದ್ದೇನೆ. ಅಕ್ಕಿಯಿಂದ ಎದ್ದು ಬಂದದ್ದೇ, ನಿಂತಿದ್ದ ಸಾಲಿನಿಂದಲೇ ಹಾಡು ಶುರುಮಾಡಿತು. ನನಗೆ ನೆಗಡಿಯಾದರೆ ಎರಡು ದಿನ ಆಫೀಸಿಗೆ ರಜೆ ಹಾಕುತ್ತೇನೆ. ಆವತ್ತಿನಿಂದ ಅದರ ಮೇಲೆ ನನಗೆ ಬರೀ ಪ್ರೀತಿಯಲ್ಲ, ಗೌರವವೂ ಇದೆ.

ಹಾಗೆಂದು ದೋಷವೇ ಇಲ್ಲವೆಂದಲ್ಲ. ಅದಕ್ಕೆ ಪರದೆ ಇಲ್ಲ. ಒಳಗೆ ಏನಿದೆ, ಮುಂದೆ ಯಾವುದು ಬರುತ್ತದೆ ಎಂಬುದು ಅದಕ್ಕೊಂದಕ್ಕೇ ಗೊತ್ತು. ದೇವರನಾಮ ಮುಗಿದು ಕಣ್ಣಂಚಿನಲ್ಲಿ ನೀರು ಇನ್ನೂ ಇರುವಾಗಲೇ ತೆಲುಗಿನ ಕುಣಿತದ ಹಾಡೊಂದು ಡೋಲು ಬಡಿದುಕೊಂಡು ನುಗ್ಗುತ್ತದೆ. ಬ್ಯಾಟರಿ ಮುಗಿಯುವಾಗ ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ ಗದರುತ್ತಾಳೆ. ಆ ಗದರಿಕೆಗೆ ನಾನು ಬಸ್ಸಿನಲ್ಲಿ ಎದ್ದು ನಿಂತದ್ದೂ ಉಂಟು. ಇಯರ್‌ಫೋನಿನ ವೈರು ಜೇಬಿಗೆ ನೆಟ್ಟಗೆ ಹೋಗಿ ಗಂಟಾಗಿ ಹೊರಬರುತ್ತದೆ. ಇದನ್ನು ಹಾಕಿಕೊಂಡರೆ ಕರೆದದ್ದು ಕೇಳಿಸುವುದಿಲ್ಲ ಎಂಬುದು ನನ್ನ ಹೆಂಡತಿ ಸುಮಾ ಹೇಳುವ ದೊಡ್ಡ ದೋಷ. ನಾನು ಅದನ್ನು ಗುಣಗಳಲ್ಲಿ ಸೇರಿಸಿಕೊಂಡಿದ್ದೇನೆ.

ಹೀಗೆ ನಾನೂ ನನ್ನ ಯಂತ್ರವೂ ಸುಖವಾಗಿದ್ದಾಗ, ಮಂಡಿನೋವಿಗೆ ಔಷಧಿ ಮಾಡಿಸಿಕೊಳ್ಳಲು ರಾಯಲ್ಪಾಡಿನಿಂದ ನಮ್ಮತ್ತೆ ಬಂದರು. ಅವರ ಮಾತು ಅರ್ಧ ತೆಲುಗು, ಅರ್ಧ ಕನ್ನಡ; ಯಾವ ಅರ್ಧ ಯಾವಾಗ ಬರುತ್ತದೆಂದು ಹೇಳಲಾಗುವುದಿಲ್ಲ. ಹೊಸ ಬೀದಿ, ಗೊತ್ತಿರುವ ಮುಖವಿಲ್ಲ. ಪಾಪ, ಜಗುಲಿಯ ಮೇಲೆ ಕಾಲು ಚಾಚಿಕೊಂಡು ಹೋಗಿಬರುವವರನ್ನು ನೋಡುತ್ತ ಕುಳಿತಿರುತ್ತಿದ್ದರು. ಎದುರು ಮನೆಯ ಇಂದಿರಾಬಾಯಿ ಒಂದು ದಿನ ಅವರನ್ನು ಮಾತಾಡಿಸಿದರು. ಇಂದಿರಾಬಾಯಿ ಧಾರವಾಡದ ಕಡೆಯವರು. ಮದುವೆಯಾಗಿ ಮುಳಬಾಗಿಲಿಗೆ ಬಂದು ಎಷ್ಟೋ ಕಾಲವಾದರೂ ತೆಲುಗನ್ನು ಹೊಸ್ತಿಲೊಳಗೆ ಬಿಟ್ಟುಕೊಂಡವರಲ್ಲ. ಅಳಿಯಂದಿರು ಕಿವಿಗೆ ಅದೇನು ಹಾಕಿಕೊಂಡಿರುತ್ತಾರೆ ಎಂದು ಅವರು ಕೇಳಿದರಂತೆ. ಅತ್ತೆ ಅಭಿಮಾನದಿಂದ, "ಅದಾ? ನಮ್ ಅಳಿಯಂದ್ರು ಪೊದ್ದಸ್ತಮಾನಂ ಪಾಟ ಕೇಳ್ತಾನೇ ಇರ್ತಾರಮ್ಮಾ" ಎಂದರಂತೆ.

ತೆಲುಗಿನಲ್ಲಿ ಪೊದ್ದಸ್ತಮಾನಂ ಎಂದರೆ ದಿನವಿಡೀ, ಪಾಟ ಎಂದರೆ ಹಾಡು. ಆದರೆ ಮಠದ ಹತ್ತಿರವಿರುವ ನಮ್ಮ ಬೀದಿಯಲ್ಲಿ ಪಾಠ ಕೇಳುವುದು ಎಂದರೆ ಗುರುಗಳ ಮುಂದೆ ಕೈಕಟ್ಟಿ ಕುಳಿತು ಶಾಸ್ತ್ರಗ್ರಂಥ ಕೇಳುವುದು. ಆ ಮಾತು ಬಂದರೆ ಸಾಕು, ಹೆಗಲ ಮೇಲಿನ ಉತ್ತರೀಯವನ್ನು ಎಲ್ಲರೂ ಸರಿಮಾಡಿಕೊಳ್ಳುತ್ತಾರೆ. ನಮ್ಮತ್ತೆಯ ನಾಲಗೆ ಅಲ್ಪಪ್ರಾಣದ್ದು, ಇಂದಿರಾಬಾಯಿಯವರ ಕಿವಿ ಮಹಾಪ್ರಾಣದ್ದು. "ಹೌದೇನ್ರೀ? ಬಸ್ಸಿನ್ಯಾಗೂ ಪಾಠ ಕೇಳ್ತಾರೇನು! ಭಾಳ ಛಲೋ ಆತು ಬಿಡ್ರಿ" ಎಂದು ಅವರು ಬೀದಿಗೆಲ್ಲ ಸುದ್ದಿ ಮಾಡಿದರು.

ಸುದ್ದಿ ನನಗೆ ತಿಳಿದದ್ದು ಗೌರವದ ರೂಪದಲ್ಲಿ. ಹಾಲಿನ ಬೂತಿನಲ್ಲಿ ಜನ ನನಗೆ ಮೊದಲು ದಾರಿ ಬಿಟ್ಟರು. ಊಟದ ಪಂಕ್ತಿಯಲ್ಲಿ ಕೊನೆಯ ಎಲೆಗೆ ಹೊರಟವನನ್ನು ಕೈಹಿಡಿದು ಮುಂದೆ ಕೂರಿಸಿದರು. ಅತ್ತೆಗಂತೂ ಇಂದಿರಾಬಾಯಿಯ ಮನೆಯಿಂದ ಹಯಗ್ರೀವ ಬಂತು, ಗೋರಿಕಾಯಿ ಪಲ್ಯ ಬಂತು, ಕೊನೆಗೆ ಮಂಡಿಗೆ ಹಚ್ಚಲು ಎಣ್ಣೆಯೂ ಬಂತು. ಅವರು ತೆಲುಗಿನಲ್ಲಿ, ಇವರು ಧಾರವಾಡದ ಕನ್ನಡದಲ್ಲಿ ಗಂಟೆಗಟ್ಟಲೆ ನಗುತ್ತಿದ್ದರು. ನಿಜ ಹೇಳಬೇಕಾದವನು ನಾನು. ಆದರೆ ಮುಂದಿನ ಎಲೆಗೆ ತುಪ್ಪ ಹೆಚ್ಚು ಬೀಳುತ್ತದೆ ಎಂಬುದನ್ನು ನಾನು ಅಷ್ಟರಲ್ಲಿ ಗಮನಿಸಿದ್ದೆ.

ಇಂದಿರಾಬಾಯಿಯ ಯಜಮಾನರು ಶ್ಯಾಮಾಚಾರ್ಯರು ಇದೇ ಊರಿನವರು, ಮಠದ ಬೀದಿಗೇ ಹಿರಿಯರು. ದಾರಿಯಲ್ಲಿ ಸಿಕ್ಕಾಗಲೆಲ್ಲ ಅವರು ಕನ್ನಡಕದ ಮೇಲಿನಿಂದ ನೋಡಿ, "ಏನಯ್ಯ, ಪಾಠ ಎಲ್ಲೀವರೆಗೂ ಬಂತು?" ಎನ್ನುತ್ತಿದ್ದರು. "ನಡೀತಾ ಇದೆ ಆಚಾರ್ರೇ" ಎಂದು ನಾನು ವಿನಯದಿಂದ ಜಾರಿಕೊಳ್ಳುತ್ತಿದ್ದೆ. ಒಂದು ದಿನ ಅವರು ನನ್ನ ಭುಜ ಹಿಡಿದು ನಿಲ್ಲಿಸಿದರು. "ಮಠದಲ್ಲಿ ಕೆಳಗೆ ಕೂತು ಪಾಠ ಕೇಳೋಕೆ ಸೊಂಟ ಬಿಡಲ್ಲ ಕಣಯ್ಯ. ಭಾನುವಾರ ನಿಮ್ಮನೆಗೆ ಬರ್ತೀನಿ. ಆ ಪೆಟ್ಟಿಗೇಲಿರೋ ಪಾಠ ನನಗೂ ಒಂಚೂರು ಕೇಳಿಸು" ಎಂದರು.

ನೇರ ಮನೆಗೆ ಬಂದು ಸುಮಾಳಿಗೆ ಎಲ್ಲ ಹೇಳಿದೆ. ಸುಮಾ, "ಹೋಗಿ ನಿಜ ಹೇಳ್ಬಿಡ್ರಿ" ಎಂದಳು. "ನಿಮ್ಮಮ್ಮ ಸುಳ್ಳು ಹೇಳಿದ್ರು ಅಂತಾಗಲ್ವಾ? ಇಲ್ಲಿ ಅವರಿಗಿರೋ ಸ್ನೇಹಿತೆ ಇಂದಿರಾಬಾಯಿ ಒಬ್ಬರೇ. ಅವರ ಗತಿ ಏನು?" ಎಂದೆ. "ಅಮ್ಮನ ಗತಿನೋ, ನಿಮ್ಮ ಗತ್ತೋ?" ಎಂದು ಅವಳು ಒಳಗೆ ಹೋದಳು. ಎರಡೂ ಇತ್ತು. ಅತ್ತೆ ಮತ್ತೆ ಜಗುಲಿಯ ಮೇಲೆ ಒಬ್ಬರೇ ಕುಳಿತಿರುವುದನ್ನು ನೆನೆಸಿಕೊಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬರ ಬಳಿ ಶಾಸ್ತ್ರಪಾಠದ ಧ್ವನಿಮುದ್ರಣಗಳಿದ್ದವು. ಶನಿವಾರ ಊಟದ ಬಿಡುವಿನಲ್ಲಿ ಅವನ್ನು ನನ್ನ ಯಂತ್ರಕ್ಕೆ ತುಂಬಲು ಕುಳಿತೆ. ಆಗ ಪರದೆ ಇಲ್ಲದ ದೋಷ ಧುತ್ತೆಂದು ಎದುರಿಗೆ ನಿಂತಿತು. ಪಾಠದ ಬೆನ್ನಿಗೇ ಆ ಡೋಲಿನ ಹಾಡು ನುಗ್ಗಿದರೆ? ಆಚಾರ್ಯರ ಕಿವಿಗೆ! ಹಾಡುಗಳನ್ನು ಅಳಿಸದೆ ಬೇರೆ ದಾರಿ ಇರಲಿಲ್ಲ. ಮನೆಯ ಹಳೆಯ ಕಂಪ್ಯೂಟರ್ ಕೈಕೊಟ್ಟ ಮೇಲೆ ಅವು ಇದ್ದದ್ದು ಇದೊಂದರಲ್ಲೇ. ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿದವು, ಗೆಳೆಯರಲ್ಲಿ ಬೇಡಿ ತಂದವು, ಒಂದರ ನಡುವೆ ನಮ್ಮಪ್ಪ ಕೆಮ್ಮಿದ್ದೂ ಇತ್ತು. ನಿಜವಾಗಿಯೂ ಅಳಿಸಬೇಕೆ ಎಂದು ಕಂಪ್ಯೂಟರ್ ಕೇಳಿತು. ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಹಾಗೆ ಎರಡನೆಯ ಸಲ ಕೇಳುವುದಿಲ್ಲ. ಆ ಮರ್ಯಾದೆಗೆ ಸೋತು ಹೌದು ಎಂದು ಒತ್ತಿಬಿಟ್ಟೆ. ಮನೆಯಿಂದ ತಂದಿದ್ದ ಚಿತ್ರಾನ್ನದ ಡಬ್ಬಿಯನ್ನು ತೆರೆಯದೆ ಹಾಗೇ ಚೀಲಕ್ಕೆ ಹಾಕಿದೆ.

ಭಾನುವಾರ ಬೆಳಿಗ್ಗೆ ಆಚಾರ್ಯರು ಪತ್ನೀಸಮೇತ ಬಂದರು. ಇಂದಿರಾಬಾಯಿ ನೇರ ಅತ್ತೆಯ ಹತ್ತಿರ ಅಡುಗೆಮನೆಗೆ ಹೋದರು. ಆಚಾರ್ಯರು ನಡುಮನೆಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಕುರ್ಚಿಯಲ್ಲಿ ಕುಳಿತರು. ಇಯರ್‌ಫೋನಿನ ಒಂದು ತುದಿ ಅವರ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಗುಂಡಿ ಒತ್ತಿದೆ. ಗಂಭೀರವಾದ ಧ್ವನಿಯಲ್ಲಿ ಪಾಠ ಶುರುವಾಯಿತು. ಎಷ್ಟು ಸ್ಪಷ್ಟ, ಎಷ್ಟು ಹಿತ! ಆ ಕ್ಷಣದಲ್ಲೂ ಯಂತ್ರದ ಬಗ್ಗೆ ನನಗೆ ಹೆಮ್ಮೆಯೆನಿಸಿತು. ನಾನು ಭಕ್ತಿಯಿಂದ ಕಣ್ಣು ಮುಚ್ಚಿದೆ.

"ಇದಲ್ಲಯ್ಯ, ಮುಂದಿಂದು ಹಾಕು" ಎಂದರು ಆಚಾರ್ಯರು.

ಹಾಕಿದೆ. ಅದೂ ಪಾಠ.

"ಇದೂ ಅಲ್ಲ" ಎಂದು ಅವರೇ ಗುಂಡಿ ಒತ್ತಿದರು, ಮತ್ತೆ ಒತ್ತಿದರು. ಆಮೇಲೆ ಬಾಗಿಲ ಕಡೆ ನೋಡಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದರು. "ನಾಟಕ ಸಾಕು ಕಣಯ್ಯ. ನಿಮ್ಮತ್ತೆ ಹೇಳಿದ್ದು ಪಾಟ. ಮುಳಬಾಗಿಲಲ್ಲಿ ಹುಟ್ಟಿ ನನಗೆ ತೆಲುಗು ಬರಲ್ಲ ಅಂದ್ಕೊಂಡ್ಯಾ? ಈ ಬೀದೀಲಿ ಯಾರಿಗೆ ಬರಲ್ಲ? ನಮ್ಮನೆಯವಳೊಬ್ಬಳಿಗೆ ಬರಲ್ಲ, ಅಷ್ಟೆ. ಮನೇಲಿ ರೇಡಿಯೋ ಹಾಕಿದ್ರೆ ಅವಳು ಬೈತಾಳೆ. ಪಾಠ ಅಂತ ಹೇಳಿ ಬಂದಿದೀನಿ. ಬೇಗ ಒಂದು ಹಳೇ ಪಾಟ ಹಾಕು."

ಹಾಲಿನ ಬೂತಿನ ದಾರಿ, ಪಂಕ್ತಿಯ ಮುಂದಿನ ಎಲೆ, ಕನ್ನಡಕದ ಮೇಲಿನ ನೋಟ, ಎಲ್ಲಕ್ಕೂ ಒಟ್ಟಿಗೆ ಅರ್ಥ ಬಂತು. ಇಡೀ ಬೀದಿ ನನ್ನನ್ನು ಇಟ್ಟುಕೊಂಡು ತಮಾಷೆ ನೋಡಿತ್ತು.

"ಇದರಲ್ಲಿ ಹಾಡಿಲ್ಲ ಆಚಾರ್ರೇ."

"ಒಂದೂ ಇಲ್ವಾ?"

"ಒಂದೂ ಇಲ್ಲ. ಬರೀ ಪಾಠ."

ಆಚಾರ್ಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹಾಗಾದ್ರೆ ನೀನು ನಿಜವಾಗ್ಲೂ ಪಾಠಾನೇ ಕೇಳ್ತಿದ್ಯಾ?" ಎಂದರು. ಒಳ್ಳೆಯ ಮನುಷ್ಯನೆಂದು ನಂಬಿದ್ದವನು ಮೋಸ ಮಾಡಿದಾಗ ಬರುವಂಥ ಧ್ವನಿ ಅದು.

ಅಷ್ಟರಲ್ಲಿ ಅಡುಗೆಮನೆಯಿಂದ ಇಂದಿರಾಬಾಯಿ, "ಪಾಠ ಮುಗೀತೇನ್ರೀ?" ಎಂದು ಕೇಳಿದರು. ಇಷ್ಟು ಬೇಗ ಮುಗಿಯಿತು ಎನ್ನುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. "ಇಲ್ಲ, ಇನ್ನೂ ಇದೆ" ಎಂದರು ಆಚಾರ್ಯರು. "ಆಗ್ಲಿ, ಸಾವಕಾಶ ಕೇಳ್ರಿ. ನಮಗೇನೂ ಅವಸರ ಇಲ್ಲ" ಎಂಬ ಉತ್ತರ ಬಂತು. ಜೊತೆಗೇ ಅತ್ತೆ ತೆಲುಗಿನಲ್ಲಿ ಏನೋ ಹೇಳಿದ್ದು, ಇಬ್ಬರೂ ಹೊಟ್ಟೆ ಹಿಡಿದು ನಕ್ಕದ್ದು ಕೇಳಿಸಿತು.

ನಾವಿಬ್ಬರೂ ಒಂದೊಂದು ಕಿವಿಯಲ್ಲಿ ಪಾಠ ಕೇಳುತ್ತ, ಊಟಕ್ಕೆ ಎಲೆ ಹಾಕುವವರೆಗೂ ಕುಳಿತಿದ್ದೆವು. ಆಚಾರ್ಯರಿಗೆ ಅದೆಲ್ಲ ಮೊದಲೇ ಬಾಯಿಪಾಠ. ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. ನಡುನಡುವೆ ಅವರು ತಲೆಯೆತ್ತಿ ನನ್ನ ಕಡೆ ನೋಡುತ್ತಿದ್ದರಲ್ಲ, ಅದು ಮಾತ್ರ ಚೆನ್ನಾಗಿ ಅರ್ಥವಾಯಿತು.