ಫಾದರ್ ಇಟ್ಟುಕೊಂಡ ಕ್ಯಾಸೆಟ್ಟು

ಸುಮ್ಮನೆ ಕೂರುವುದೊಂದು ಬಿಟ್ಟು ಬೇರೆಲ್ಲ ಬರುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ತೊಂಬತ್ತರ ದಶಕದಲ್ಲಿ ನಾನು ಚಳ್ಳಕೆರೆ ಬಿಟ್ಟು ಬೆಂಗಳೂರಿನಲ್ಲಿ ಪಾದ್ರಿಗಳು ನಡೆಸುತ್ತಿದ್ದ ಪತ್ರಿಕೋದ್ಯಮ ಶಾಲೆ ಸೇರಿದೆ. ಪ್ರಿನ್ಸಿಪಾಲರಾಗಿದ್ದ ಫಾದರ್ ಮೊದಲ ದಿನವೇ, "ಕೇಳೋದು ಕಲಿಯಿರಿ, ಮಾತು ತಾನಾಗಿ ಬರುತ್ತೆ" ಎಂದರು. ನನಗೆ ಮಾತು ಮೊದಲೇ ಬಂದುಬಿಟ್ಟಿತ್ತು.

೧. ಮಗ್ಗದ ಮುಂದೆ

ರೇಡಿಯೊ ಪಾಠಕ್ಕೆ ಊರ ಕಡೆಯ ಒಂದು ಸಂದರ್ಶನ ತರಬೇಕಿತ್ತು. ಶಾಲೆಯ ಟೇಪ್ ರೆಕಾರ್ಡರ್ ಹೆಗಲಿಗೇರಿಸಿಕೊಂಡು ಮೊಳಕಾಲ್ಮೂರಿನ ನೇಕಾರರೊಬ್ಬರ ಎದುರು ಕೂತೆ. "ಒಂದು ಸೀರೆಗೆ ವಾರಗಟ್ಟಲೆ ಬೇಕು, ಬೆನ್ನು ಬಿದ್ದುಹೋಗುತ್ತೆ, ಆದರೂ ಕಸುಬು ಬಿಡೋ ಮನಸ್ಸಿಲ್ಲ, ಅಲ್ವೇನ್ರಿ?" ಎಂದೆ. ಅವರು "ಹೂಂ" ಎಂದರು. ಹೀಗೇ ಅರ್ಧ ಗಂಟೆ.

ಫಾದರ್ ಪೂರ್ತಿ ಕೇಳಿದರು. "ಚೆನ್ನಾಗಿ ಮಾತಾಡಿದ್ದೀಯಪ್ಪ. ನಡುನಡುವೆ ಹೂಂ ಅಂತಾರಲ್ಲ, ಅವರು ಯಾರು?"

೨. ಗ್ಯಾರೇಜಿನಲ್ಲಿ

ಇನ್ನೊಂದೇ ಅವಕಾಶ ಎಂದು ಎರಡು ಕ್ಯಾಸೆಟ್ಟು ಕೊಟ್ಟು ಕಳಿಸಿದರು. ಸೋಮವಾರ ತರದಿದ್ದರೆ ಡಿಪ್ಲೊಮಾ ಇಲ್ಲ. ಚಳ್ಳಕೆರೆಯ ಗ್ಯಾರೇಜಿನ ಭಾಯ್ ಹತ್ತಿರ ಹೋಗಿ, ಒಂದೇ ಪ್ರಶ್ನೆ ಕೇಳಿ, ಇನ್ನು ಬಾಯಿ ಬಿಡುವುದಿಲ್ಲವೆಂದು ಹಲ್ಲು ಕಚ್ಚಿದೆ. ಭಾಯ್ ಎರಡು ಮಾತಾಡಿ, ರೆಕಾರ್ಡರಿಗೆ ಕಿವಿಯಿಟ್ಟರು. "ಇದ್ರ ಆವಾಜ್ ಸರಿ ಇಲ್ಲ."

ಸ್ಕ್ರೂಡ್ರೈವರ್ ತಗೊಂಡರು. ನಾನು ಶಪಥ ಮುರಿಯಲಿಲ್ಲ. ಸಂಜೆ ಹೊತ್ತಿಗೆ ಕ್ಯಾಸೆಟ್ಟಿನ ಕರುಳೆಲ್ಲ ಅವರ ಮಡಿಲಲ್ಲಿತ್ತು.

"ಮೆಷಿನ್ ಫಸ್ಟ್ ಕ್ಲಾಸ್ ಆಯ್ತು. ಈಗ ಹೇಳ್ರಿ, ಏನೋ ಕೇಳ್ತಿದ್ರಲ್ಲ?"

೩. ನನ್ನಿವಾಳದ ಬಯಲಲ್ಲಿ

ಉಳಿದದ್ದು ಒಂದು ಕ್ಯಾಸೆಟ್ಟು, ಒಂದು ದಿನ. ಚಳ್ಳಕೆರೆ ಪಕ್ಕದ ನನ್ನಿವಾಳಕ್ಕೆ ಹೋಗಿ, ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬನ ಪಕ್ಕ ಕೂತು, ರೆಕಾರ್ಡರ್ ಒತ್ತಿ, "ಏನಾದ್ರೂ ಹೇಳಜ್ಜ" ಎಂದು ಬಾಯಿ ಮುಚ್ಚಿದೆ. ಅಜ್ಜನೂ ಮುಚ್ಚಿಕೊಂಡೇ ಇದ್ದ. ನನ್ನ ಕಾಲು ಕುಣಿಯುತ್ತಿತ್ತು, ನಾಲಿಗೆ ಕೆರೆಯುತ್ತಿತ್ತು. ಡಿಪ್ಲೊಮಾ ಹೋದೀತೆಂಬ ಹೆದರಿಕೆಗೆ ತಡೆದುಕೊಂಡೆ. ಕೊನೆಗೆ ಅಜ್ಜ ಎದ್ದು, "ಟುರ್ರ್ರ್... ಹೋ ಹೋ ಹೋ!" ಎಂದು ಕೂಗಿ ಮಂದೆ ಕೂಡಿಸಿಕೊಂಡು ಹೊರಟೇಬಿಟ್ಟ. ಸಂದರ್ಶನ ಅಷ್ಟೇ.

ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ, ತಡೆಯಲಾರದೆ ಕ್ಯಾಸೆಟ್ಟು ಹಿಂದಕ್ಕೆ ತಿರುಗಿಸಿ ಹಾಕಿದೆ. ಭಾಯ್ ರಿಪೇರಿಯ ಮಹಿಮೆ, ಕೂಗು ಮೈಕಿನಲ್ಲಿ ಬಂದಂತೆ ಬಂತು. ಕೂಗಳತೆಯಲ್ಲಿ ಹೋಗುತ್ತಿದ್ದ ಮಂದೆ ನಿಂತಿತು. ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ಹಾಕಿದೆ. ಇಡೀ ಮಂದೆ ಧೂಳೆಬ್ಬಿಸಿಕೊಂಡು ಬಂದು ನನ್ನನ್ನು ಸುತ್ತಿಕೊಂಡಿತು. ಹಿಂದೆಯೇ ಅಜ್ಜ ಕೋಲೆತ್ತಿಕೊಂಡು ಓಡಿಬಂದ.

"ಯಾವನ್ಲೇ ನನ್ ಕುರಿ ಕರೆದೋನು?"

"ನೀನೇ ಅಜ್ಜ!"

ಸೋಮವಾರ ಫಾದರ್ ಕ್ಯಾಸೆಟ್ಟು ಕೇಳಿದರು. ಉದ್ದಕ್ಕೂ ಗಾಳಿ, ಕೊನೆಗೊಂದು ಕೂಗು. ಬೆವರುತ್ತ ನಡೆದದ್ದನ್ನೆಲ್ಲ ಹೇಳಿದೆ. ಅವರು ಆ ಕೂಗನ್ನು ಇನ್ನೊಮ್ಮೆ ಹಾಕಿ ಕೇಳಿ, "ಪಾಸು" ಎಂದರು. ಹೋದ ಜೀವ ಬಂತು. ಕ್ಯಾಸೆಟ್ಟಿಗೆ ಕೈ ಚಾಚಿದರೆ, ಅದನ್ನು ತಮ್ಮ ನಿಲುವಂಗಿಯ ಜೇಬಿಗೆ ಹಾಕಿಕೊಂಡರು.

"ಇದು ನನ್ನ ಹತ್ತಿರವೇ ಇರಲಿ. ಇಪ್ಪತ್ತು ವರ್ಷದಿಂದ ಭಾನುವಾರ ಚರ್ಚಿನ ಗಂಟೆ ಹೊಡೆಸ್ತಿದ್ದೀನಿ. ಒಬ್ಬರೂ ಹೀಗೆ ಓಡಿಬಂದಿಲ್ಲ."