ಕೀಲಿ ಹಾಕೇತೋ ಇಲ್ಲೋ?

ನಾ ಎಲ್ಲಿ ಬಾಡಿಗಿ ಹಿಡದರೂ ಮಂದಿಗೆ ನನ್ನ ಮ್ಯಾಲ ಸಂಶಯ ಬರೂದು ತಪ್ಪಂಗಿಲ್ಲ. ದಿನಾ ಮನ್ಯಾಗ ಕುಂತು ಲ್ಯಾಪ್‌ಟಾಪ್ ಒತ್ತಾವನ್ನ ಯಾರ ನಂಬ್ತಾರ? ಬೈಲಹೊಂಗಲಕ್ಕ ಬಂದ ಮ್ಯಾಲಂತೂ ಕೇಳಬ್ಯಾಡ್ರಿ.

೧. ನೌಕರಿ ಏನು?

ಮನಿ ಮಾಲಕಿ ಅಕ್ಕಾರು ಮೊದಲನೇ ದಿನಾನ ಕಟ್ಟಿ ಮ್ಯಾಲ ಕುಂತು ವಿಚಾರಣಾ ಚಾಲೂ ಮಾಡಿದರು.

"ನೌಕರಿ ಏನ್ರಿ ತಮ್ಮಾ?"

"ಕಂಪ್ಯೂಟರಿನ ಮೆಮರಿಗೆ ಕೀಲಿ ಇರತೈತ್ರಿ ಅಕ್ಕಾರ. ಅದು ಹಾಕೇತೋ ಇಲ್ಲೋ ಅಂತ ಹೇಳೂ ಪ್ರೋಗ್ರಾಮ್ ತಪ್ಪ ಹೇಳಾಕ್ಹತ್ತೇತಿ. ಅದನ್ನ ರಿಪೇರಿ ಮಾಡ್ತೇನಿ."

"ಅಂದ್ರ ನಿಮಗ ಕೀಲಿ ತಗಿಯಾಕ ಬರತೈತಿ ಅನ್ರಿ!"

ಸಂಜೀಕ ನೋಡತೇನಿ, ಬಚ್ಚಲಕ್ಕೂ ಒಂದ ಕೀಲಿ ಜಡದಾರ.

೨. ದೊಡ್ಡ ಸಾಹೇಬರು

ನನ್ನ ಕೆಲಸಾ ತಪಾಸ ಮಾಡಾವರು ಸವದತ್ತಿ ಕಡೆಯವರು, ಈಗ ಪುಣೇದಾಗ ಇರತಾರ. ಸಂಶಯದಾಗ ಅಕ್ಕಾರಿಗಿಂತ ಅವರದು ಒಂದ ಕೈ ಮ್ಯಾಲ.

ಆ ಮೆಮರಿಗೆ ಪಾಸ್‌ವರ್ಡ್ ಎರಡು. ಒಂದು ಮಾಲಕಂದು, ಒಂದು ಬಳಸಾವಂದು. ಮಾಲಕಂದು ಹಾಕೇತೋ ಇಲ್ಲೋ ಅಂತ ಕೇಳಿದರ, ಪ್ರೋಗ್ರಾಮ್ ಬಳಸಾವಂದು ನೋಡಿ ಉತ್ತರಾ ಹೇಳತಿತ್ತು. ಒಂದ ಸಾಲ ತಿದ್ದಿ ಸಾಹೇಬರಿಗೆ ಕಳಿಸಿದೆ.

"ಒಂದ ಸಾಲಿನ್ಯಾಗ ಸರಿ ಆತಂದ್ರ ನನಗ ಸಂಶಯ."

ಉದ್ದ ಮಾಡಿ ಕಳಿಸಿದೆ.

"ಇಷ್ಟ ಯಾಕ ಬರದಿ? ಏನರ ಮುಚ್ಚಾಕ್ಹತ್ತೀಯೇನು?"

ಕಡೀಕ, "ಸೋಮವಾರ ವಿಡಿಯೋ ಕಾಲ್‌ನ್ಯಾಗ ನಡಿಸಿ ತೋರಸು. ಆಗಲಿಲ್ಲಂದ್ರ ಈ ಕೆಲಸಾ ಬ್ಯಾರೇದವರಿಗೆ" ಅಂದರು. ಇಡೀ ಬ್ಯಾಸಿಗಿ ಬೆವರ ಸುರಿಸಿದ ಕೆಲಸಾ! ಈ ಮನಷ್ಯಾ ಹೆಂಡ್ತಿ ಚಾ ಕೊಟ್ಟರೂ ಪುರಾವೆ ಕೇಳ್ತಿರಬೇಕು.

೩. ಮನ್ಯಾಗ ಯಾರೂ ಇಲ್ಲ

ನಮ್ಮ ಓಣ್ಯಾಗ ಬಾಗಲಾ ತೆರದಿದ್ದರ ಮಂದಿ ಸೀದಾ ಒಳಗ ಬರತಾರ, ಮುಚ್ಚಿದ್ದರ ಬಡೀತಾರ, ಕೀಲಿ ಇದ್ದರ ಅಷ್ಟ ಹೊಳ್ಳಿ ಹೋಗತಾರ. ಸೋಮವಾರ ಯಾರೂ ತ್ರಾಸ ಕೊಡಬಾರದಂತ ಮುಂದಿನ ಬಾಗಲಕ್ಕ ಹೊರಗಿನಿಂದ ಕೀಲಿ ಹಾಕಿ, ಹಿತ್ತಲ ಬಾಗಲದಿಂದ ಒಳಗ ಬಂದು ಕುಂತೆ. ಭಾಳ ಶಾಣ್ಯಾ ನಾ!

ಕಾಲ್‌ನ್ಯಾಗ ಸಾಹೇಬರು ಹಿಂದ ಮುಂದ ನೂರಾ ಎಂಟು ಪ್ರಶ್ನೆ ಕೇಳಿದರು. ನಾ ಪ್ರೋಗ್ರಾಮ್ ನಡಿಸಿ ತೋರಿಸಿ, ಹುರುಪಿನಿಂದ ಜೋರಲೇ ಅಂದೆ: "ಈಗ ಪಕ್ಕಾ ಐತ್ರಿ, ನೀವ ನೋಡ್ರಿ!"

ಹೊರಗ ಅಕ್ಕಾರು ಬೊಬ್ಬಿ ಹೊಡದರು. "ಕೀಲಿ ಹಾಕಿದ ಮನ್ಯಾಗ ಯಾರೋ ಮಾತಾಡಾಕ್ಹತ್ತ್ಯಾರ! ಬರ್ರ್ಯೋ!"

ಮಂದಿ ಕೂಡೇಬಿಟ್ಟಿತು. ಯಾರೋ ಓಡಿ ಹೋಗಿ ಹಿತ್ತಲ ಬಾಗಲಕ್ಕೂ ಹೊರಗಿನಿಂದ ಚಿಲಕಾ ಹಾಕಿದರು.

"ಅಕ್ಕಾರ, ನಾನರೀ, ಬಾಡಿಗಿಯಾಂವ!"

"ಸುಳ್ಳ! ಈಗ ಮೊಬೈಲ್‌ನ್ಯಾಗ ಯಾರ ದನಿ ಬೇಕಾದರೂ ಮಾಡ್ತಾರ!"

ಲ್ಯಾಪ್‌ಟಾಪಿನ್ಯಾಗ ಸಾಹೇಬರು ನಕ್ಕ ನಕ್ಕ ಕಣ್ಣ ಒರಸ್ಕೊಂಡರು. "ಪಾಸ್ ಮಾಡೇನಿ ಹೋಗೋ. ಮೊದಲ ಹೊರಗ ಬೀಳು."

ಎದಿ ಹಗರಾತು. ಖಿಡಕಿ ತೆರದು ಮಾರಿ ತೋರಿಸಿ, ಚಾವಿ ಹೊರಗ ಚಾಚಿ, "ತಗೋರಿ ಅಕ್ಕಾರ, ಕೀಲಿ ತಗೀರಿ" ಅಂದೆ.

ಅಕ್ಕಾರು ಚಾವಿ ಇಸಗೊಂಡು ನನ್ನ ಮಾರಿ ದಿಟ್ಟಿಸಿ ನೋಡಿದರು. ಆಮ್ಯಾಲ ಮಂದಿ ಕಡೆ ಹೊಳ್ಳಿದರು.

"ಮಾರೀನೂ ಬಾಡಿಗಿಯವರದ ಐತಿ, ಚಾವೀನೂ ಅವರದ ಐತಿ. ಆದ್ರೂ ಅವರು ಮನಿಗೆ ಬರ್ಲಿ, ಒಂದ ಮಾತ ಕೇಳಿ ಕೀಲಿ ತಗೀತೇನಿ."