ಇಲಿ ಬಸಿರಿನ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಒಂದೂ ಹೆತ್ತವಳಲ್ಲ, ಆದರೂ ಬಸಿರಿನ ವಿಷಯದಲ್ಲಿ ಹೊಳೆನರಸೀಪುರದ ಅಷ್ಟೂ ಬಾಣಂತಿಯರಿಗೆ ಪಾಠ ಹೇಳುತ್ತಾಳೆ! ಮದುವೆಯೇ ಆಗದವಳಿಗೆ ಇದೆಲ್ಲ ಯಾಕೆ ಅಂತೀರಾ? ಹಾಸನದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಡಂ ಅವಳು. ಸಂಶೋಧನೆ ಮಾಡಿದ್ದು ಇಲಿಯ ಗರ್ಭಕೋಶದ ಮೇಲೆ. ಅದೂ ನಿಜವಾದ ಬಸಿರಲ್ಲ. ಮರಿಯೇ ಇಲ್ಲದೆ, ಬಸಿರಾದ ಹಾಗೆ ದಪ್ಪಗಾಗುವ ಗರ್ಭಕೋಶ.

ಒಮ್ಮೆ ಚನ್ನರಾಯಪಟ್ಟಣದಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರಂತೆ. "ಏನ್ ಓದ್ತಾ ಇದೀಯಮ್ಮ?" ಎಂದು ಹುಡುಗನ ತಂದೆ ಕೇಳಿದ್ದಷ್ಟೇ, ಇವಳು ಶುರುಹಚ್ಚಿಕೊಂಡಳು.

"ಬಸಿರು ನಿಲ್ಲಿಸೋಕೆ ಪ್ರೊಜೆಸ್ಟೆರಾನ್ ಅಂತ ಹಾರ್ಮೋನ್ ಇರುತ್ತೆ ಸಾರ್. ಅದು ರಕ್ತದಲ್ಲಿದ್ರೆ ಸಾಲದು, ಹಿಡ್ಕೊಳ್ಳೋಕೆ ಗರ್ಭಕೋಶದಲ್ಲಿ ರಿಸೆಪ್ಟರ್ ಇರ್ಬೇಕು. ಇಲಿ ಹೊಟ್ಟೆ ಕುಯ್ದು ನೋಡಿದ್ರೆ..."

ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ಗಂಡು ಮತ್ತೆ ಈ ಕಡೆ ತಲೆ ಹಾಕಲಿಲ್ಲ!

ಇನ್ನೊಮ್ಮೆ ಕಟ್ಟಾಯದ ರೈತರೊಬ್ಬರು ತಮ್ಮ ನಾಯಿಯ ಮೇಲೆ ದೂರು ಹೊತ್ತು ಬಂದರು. "ಒಟ್ಟೆ ಬಂತು, ಮೊಲೇಲಿ ಆಲೂ ಬಂತು, ಗೋಣಿಚೀಲ ಎಳ್ಕಂಡೋಗಿ ಮೂಲೇಲಿ ಆಸ್ಕಂತು. ನೋಡುದ್ರೆ ಮರಿನೇ ಇಲ್ಲ! ಮೋಸ ಮಾಡ್ಬುಡ್ತು ಕಣ್ರಮ್ಮ."

"ಮೋಸ ಅಲ್ಲ ಕಣಪ್ಪ. ಬಸಿರು ಅಂತ ಅದರ ಮೈ ನಂಬ್ಬಿಡ್ತು, ಅಷ್ಟೇ. ಅದನ್ನ ಬೈಬೇಡಿ."

"ನಾಯ್ಗೂ ಒಬ್ರು ಲಾಯರಮ್ಮ!" ಎಂದು ಗೊಣಗುತ್ತ ಅವರು ಹೊರಟರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಹೋದ ವರ್ಷ ಆ ನಾಯಿಯ ಗತಿ ನನಗೇ ಬಂತು. ಮಕ್ಕಳಾಗಲಿಲ್ಲವೆಂದು ಹಾಸನದ ಡಾಕ್ಟರು ಲ್ಯಾಬಿನಲ್ಲಿ ಬೆಳೆಸಿದ ಭ್ರೂಣವನ್ನು ನನ್ನ ಗರ್ಭಕೋಶದಲ್ಲಿ ಇಟ್ಟು ಪ್ರೊಜೆಸ್ಟೆರಾನ್ ಮಾತ್ರೆ ಕೊಟ್ಟಿದ್ದರು. ವಾಕರಿಕೆ ಬಂತು, ಎದೆ ಭಾರವಾಯಿತು. ನಮ್ಮತ್ತೆ ಖುಷಿಗೆ ಅರಕಲಗೂಡಿಗೆಲ್ಲ ಸಾರಿಬಿಟ್ಟರು. ಆಮೇಲೆ ರಕ್ತಪರೀಕ್ಷೆ ಮಾಡಿಸಿದರೆ ಏನೂ ಇಲ್ಲ! ಅದೆಲ್ಲ ಬರೀ ಮಾತ್ರೆಯ ಆಟ. "ಸುಳ್ಳು ಬಸ್ರು ತೋರ್ಸಿ ಮರ್ವಾದೆ ಕಳುದ್ಲು" ಎಂದರು ಅತ್ತೆ. ನನಗೆ ಸತ್ತುಹೋಗುವಷ್ಟು ಸಂಕಟವಾಯಿತು.

ಅದಾದ ಸ್ವಲ್ಪ ದಿನಕ್ಕೇ ಮನೆಯಲ್ಲಿ ಓರಗಿತ್ತಿಯ ಸೀಮಂತ. ಅತ್ತೆ ನನ್ನನ್ನು ಆರತಿಗೆ ಕರೆಯಲಿಲ್ಲ; ಅಡುಗೆಮನೆಯಲ್ಲೇ ಇರು ಅಂದರು. ಹಜಾರದಲ್ಲಿ ಚಿಕ್ಕಮ್ಮ ಆಗಲೇ ರಿಸೆಪ್ಟರ್ ಪುರಾಣ ತೆಗೆದಿದ್ದಳು. "ಉಣ್ಣೋ ಒತ್ನಲ್ಲಿ ಇಲಿ ಸುದ್ದಿ ಬ್ಯಾಡ ಕಣಮ್ಮೋ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು.

ಚಿಕ್ಕಮ್ಮ ಅಲ್ಲಿಂದೆದ್ದು, ಅಕ್ಕಿ, ಬೆಲ್ಲ, ಕೊಬ್ಬರಿ ಇದ್ದ ಮಡಿಲಕ್ಕಿ ತಟ್ಟೆ ಎತ್ತಿಕೊಂಡು ನೇರ ನನ್ನ ಹತ್ತಿರ ಬಂದಳು. "ಸೆರಗು ಒಡ್ಡೇ" ಅಂದಳು.

ಅತ್ತೆ ಹಿಂದೆಯೇ ಓಡಿಬಂದರು. "ಮದ್ವೆ ಆಗ್ದೋರು ಮಡ್ಲು ತುಂಬ್ಬಾರ್ದು! ಅದೂ ಇವ್ಳಿಗ್ಯಾಕೆ?"

"ಇವಳೇನೂ ಸುಳ್ಳು ಹೇಳಿಲ್ಲ ಕಣ್ರೀ. ಮಗು ಬರುತ್ತೆ ಅಂತ ಇವಳ ಗರ್ಭಕೋಶ ಹಾಸಿಗೆ ಹಾಸ್ಕೊಂಡು ಕಾದಿತ್ತು. ಮಗು ನಿಲ್ಲಲಿಲ್ಲ. ಹಾಸಿದ್ದೇ ತಪ್ಪಾ?"

ಅತ್ತೆ ತಟ್ಟೆಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದರು. ಹಜಾರದಲ್ಲೂ ಯಾರೂ ನಗಲಿಲ್ಲ. ಚಿಕ್ಕಮ್ಮ ನನ್ನ ಸೆರಗಿಗೆ ಅಕ್ಕಿ ಸುರಿದಳು. ಆಮೇಲೆ ಕಿವಿಯ ಹತ್ತಿರ ಬಗ್ಗಿ ಹೇಳಿದಳು: "ಈ ಪಾಠನ ಇವತ್ತಿನವರೆಗೂ ಯಾರೂ ಪೂರ್ತಿ ಕೇಳಿರಲಿಲ್ಲ ಕಣೆ ಪುಟ್ಟಿ."

ಅಕ್ಕಿಯೆಲ್ಲ ನೆಲಕ್ಕೆ ಚೆಲ್ಲಿದರೆ ಚೆಲ್ಲಲಿ ಎಂದು ನಾನು ಅವಳನ್ನು ತಬ್ಬಿಕೊಂಡೆ.